ಮೂಗಿಗೆ ಹೊಡೆಯೋದು ಬಂತಾ?

ಈ ಸಲದ ಸೂಲಂಗಿ ಕಾಲದಲ್ಲಿ ನನಗೊಂದು ಹೊಸ ಅಭ್ಯಾಸ ಹತ್ತಿತು. ಬೆಳಿಗ್ಗೆ ಮುಖ ತೊಳೆದು ಬಂದವಳು ದೇವರಿಗೆ ಕೈ ಮುಗಿಯುವುದಕ್ಕೂ ಮುಂಚೆ ಕಿಟಕಿಯ ಮೇಲಿನ ಪ್ಲಾಸ್ಟಿಕ್ ಶೀಶೆಯನ್ನು ಅಲ್ಲಾಡಿಸಿ, ಮುಚ್ಚಳ ತೆಗೆದು, ಮೂಗಿನ ಎರಡೂ ಹೊಳ್ಳೆಗೆ ಒತ್ತಿಕೊಳ್ಳುವುದು. ಒತ್ತಿದ ಕೂಡಲೇ ಒಂದು ವಾಸನೆ ಬರುತ್ತದೆ. ಗುಲಾಬಿಯೂ ಅಲ್ಲ, ಮೈಪೌಡರೂ ಅಲ್ಲ, ಎರಡನ್ನೂ ನೀರಿಗೆ ಹಾಕಿ ಮರೆತುಬಿಟ್ಟ ಹಾಗೆ. ಆ ವಾಸನೆ ಬಂದಾಗಲೆಲ್ಲ ನನ್ನ ಓರಗಿತ್ತಿ ಕೆಂಪಮ್ಮ ಎದುರಿಗೆ ಬಂದು ನಿಲ್ಲುತ್ತಿದ್ದಳು. ಅವಳೇನು ಗುಲಾಬಿ ಮುಡಿದವಳಲ್ಲ, ಪೌಡರು ಬಳಿದವಳೂ ಅಲ್ಲ. ಸೆರಗಿನಲ್ಲಿ ಒರೆಸಿ ಒರೆಸಿ ಮೂಗಿನ ತುದಿ ಸುಲಿದುಕೊಂಡಿದ್ದವಳು.

ಮೂಗಿನ ಕಾಯಿಲೆ ಎಂದರೆ ನಗಬೇಡಿ. ಕಾಲು ಮುರಿದವರನ್ನು ನೋಡಲು ಊರು ಹಣ್ಣು ಹಿಡಿದುಕೊಂಡು ಬರುತ್ತದೆ. ಸೀನುವವರನ್ನು ನೋಡಲು ಯಾರೂ ಬರುವುದಿಲ್ಲ, ಕೂತವರೂ ಎದ್ದು ಆಚೆ ಹೋಗುತ್ತಾರೆ. ಆ ಮೂಗಿನ ದೆಸೆಯಿಂದ ಕೆಂಪಮ್ಮ ಗಂಡನ ಮನೆ ಬಿಟ್ಟು ಹೋಗಬೇಕಾಯಿತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಹಿಂದುಮುಂದಾದರೆ ಸಹಿಸಿಕೊಳ್ಳಿ. ಸಹಿಸಲಾಗದಿದ್ದರೆ ಪುಟ ತಿರುಗಿಸಿ, ನನಗೇನೂ ನಷ್ಟವಿಲ್ಲ.

ಸೂಲಂಗಿ ಎಂದರೆ ಕಬ್ಬಿನ ಹೂವು. ದಸರಾ ಕಳೆದ ಮೇಲೆ ಗದ್ದೆಯ ತುಂಬ ಬೆಳ್ಳಗೆ ಚಾಮರದ ಹಾಗೆ ತಲೆಯೆತ್ತುತ್ತದೆ. ದೂರದಿಂದ ಬಹಳ ಚೆಂದ. ಆಯಸ್ಸೆಲ್ಲ ಅದರ ಪಕ್ಕದಲ್ಲೇ ಗೇಯ್ದ ನನಗೆ ಎಪ್ಪತ್ತು ದಾಟಿದ ಮೇಲೆ ಅದು ತಿರುಗಿಬಿತ್ತು. ಮೂಗು ನಲ್ಲಿಯಾಯಿತು. ಸೊಸೆ ಸವಿತ ಮಂಡ್ಯಕ್ಕೆ ಕರೆದುಕೊಂಡು ಹೋದಳು. ಮೂಗಿನ ಡಾಕ್ಟರು ಒಬ್ಬಳು ಹುಡುಗಿ. ಒಳಗೆ ದೀಪ ಬಿಟ್ಟು ನೋಡಿ, "ಅಲರ್ಜಿ, ಅಜ್ಜಿ" ಎಂದಳು.

"ಈ ವಯಸ್ಸಲ್ಲಿ ಎಂತ ಅಲರ್ಜಿಯವ್ವ?" ಎಂದೆ.

"ಅದೇನು ವಯಸ್ಸು ಕೇಳ್ಕೊಂಡು ಬರುತ್ತಾ?" ಎಂದು ಈ ಶೀಶೆ ಬರೆದುಕೊಟ್ಟಳು.

ನಾನು ಅದನ್ನು ನಶ್ಯದ ಹಾಗೆ ಏರಿಸಿದೆ. ತಲೆ ಹಿಂದಕ್ಕೆ ಚೆಲ್ಲಿ, ಬಾವಿಯಿಂದ ಕೊಡ ಎಳೆದ ಹಾಗೆ ಉಸಿರೆಳೆದೆ. ಔಷಧಿಯೆಲ್ಲ ಗಂಟಲಿಗೆ ಇಳಿದು ಬಾಯಿ ಕಹಿಯಾಯಿತು. ಸ್ವಲ್ಪ ದಿನಕ್ಕೆ ಸೆರಗಿನಲ್ಲಿ ರಕ್ತದ ಚುಕ್ಕೆ ಕಂಡಿತು. ಡಾಕ್ಟರು ಇನ್ನೊಂದು ಶೀಶೆ ಕೊಟ್ಟಳು. ಎರಡನೆಯದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಇಬ್ಬನಿ ತಾಗಿದ ಹಾಗೆ ತಾಗಿ ಸುಮ್ಮನಾಗುತ್ತದೆ. ಗಂಟಲಿಗೆ ಇಳಿಯುವುದೂ ಕಡಿಮೆ. ಬೆಲೆ ಮಾತ್ರ ಜಾಸ್ತಿ. ಕೆಲಸದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಯಾವುದು ಒಗ್ಗುತ್ತೋ ಅದನ್ನು ಹಾಕಿಕೊಳ್ಳಿ ಎಂದಳು ಡಾಕ್ಟರು.

ಎತ್ತಿನ ಜೋಡಿಯಲ್ಲೂ ಹೀಗೇ. ಒಂದು ಕೊರಳ ಗಂಟೆ ಅಲ್ಲಾಡಿಸಿ, ನೋಡಿ ನಾನು ಎಳೆಯುತ್ತಿದ್ದೇನೆ ಎಂದು ಊರಿಗೆಲ್ಲ ಸಾರುತ್ತದೆ. ಇನ್ನೊಂದು ಬಾಯಿ ಮುಚ್ಚಿಕೊಂಡು ಎಳೆಯುತ್ತದೆ. ತಿಳಿದವರು ಎರಡನೆಯದನ್ನು ಮೆಚ್ಚುತ್ತಾರೆ. ನನಗೆ ಗಂಟೆಯ ಎತ್ತೇ ಬೇಕು. ಒತ್ತಿದರೆ ಒತ್ತಿದ್ದು ಗೊತ್ತಾಗಬೇಕು. ಆ ಎರಡನೆಯದನ್ನು ಒತ್ತಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಒತ್ತಿ ಬೈಸಿಕೊಂಡಿದ್ದೇನೆ. ಸವಿತ ಒಂದು ದಿನ ಎದುರು ನಿಂತು ನೋಡಿ ತಪ್ಪು ಹಿಡಿದಳು. "ಅತ್ತೆ, ನೀವು ಮೂಗಿನ ನಡುಗೋಡೆಗೆ ಒಡ್ಕತಾ ಇದ್ದೀರ, ಅದ್ಕೇ ರಕ್ತ. ತಲೆ ಒಂಚೂರು ಬಗ್ಗಿಸಿ. ಬಲಗೈಲಿ ಎಡಗಡೆ ಒಳ್ಳೆಗೆ, ಎಡಗೈಲಿ ಬಲಗಡೆಗೆ. ಕಿವಿ ಕಡೆಗೆ ತಿರುಗ್ಸಿ ಒತ್ತಿ. ಜೋರಾಗಿ ಎಳೀಬೇಡಿ, ಊವ ಮೂಸ್ದಂಗೆ ಸಾಕು. ಇವತ್ತು ಆಕಿ ಇವತ್ತೇ ಗುಣ ಕಾಣಲ್ಲ, ದಿನಾ ಬಿಡದಂಗೆ ಆಕ್ಬೇಕು." ಡಾಕ್ಟರನ್ನು ಕೇಳಿ ವಾಸನೆಯ ಶೀಶೆಗೇ ಮರಳಿದೆ. ರಕ್ತ ಬರಲಿಲ್ಲ. ಸೀನು ನಿಂತಿತು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಸವಿತ ಶೀಶೆಯ ಜೊತೆ ಮಡಿಸಿಟ್ಟಿದ್ದ ಕಾಗದವನ್ನು ಬಿಡಿಸಿ ಓದುತ್ತಾ, "ಅತ್ತೆ, ಎಲ್ಡ್ರಲ್ಲೂ ಇರೋದು ಸ್ಟೀರಾಯ್ಡೇ" ಎಂದಳು.

ನಾನು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟೆ. ಆ ಹೆಸರನ್ನು ನಾನು ಮರೆತಿರಲಿಲ್ಲ. "ಮೊಕ ಊದ್ಕಳ್ಳದಾ?" ಎಂದೆ.

"ಇಲ್ಲ ಅತ್ತೆ. ಮಾತ್ರೆ ನುಂಗಿದ್ರೆ ಮೈಗೆಲ್ಲ ಓಯ್ತದೆ. ಇದು ಒಂಚೂರೇ ಚೂರು, ಮೂಗಲ್ಲೇ ಕೆಲ್ಸ ಮಾಡ್ತದೆ."

"ಅದೇ ಔಸ್ದಿಯಾ?"

"ಅದೇ ಜಾತಿದು."

ನಾನು ಎದ್ದು ಹೋಗಿ ಜಗುಲಿಯ ಮೇಲೆ ಕೂತೆ. ಎದುರಿಗೆ ಸೂಲಂಗಿ ಗಾಳಿಗೆ ಬಾಗುತ್ತಿತ್ತು.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಹೊಳಲಿನ ಈ ಮನೆಗೆ ನಾನು ಕಿರಿಸೊಸೆಯಾಗಿ ಬಂದದ್ದು. ಶಿವಪುರದ ಹುಡುಗಿ. ಅಲ್ಲಿಂದ ಇಲ್ಲಿಗೆ ಏನು ಮಹಾ ದೂರ ಎಂದು ಈಗ ಅನ್ನಿಸುತ್ತದೆ. ಆಗ ನೀರು ದಾಟಿ ಬಂದ ಹಾಗಿತ್ತು. ಬಂದ ದಿನ ಹಿತ್ತಲ ಬಾಗಿಲಲ್ಲಿ ಕೂತು ಮುಸುಗುಡುತ್ತಿದ್ದೆ. ಎತ್ತರದ, ಕಪ್ಪಗಿನ ಒಂದು ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಳ್ತಾ ಇದ್ದೀಯೋ, ಇಲ್ಲಾ ನಿಂಗೂ ನೆಗ್ಡಿಯೋ?"

"ಅಳ್ತಾ ಇವ್ನಿ" ಎಂದೆ.

"ಅಂಗಾರೆ ವಾಸಿ ಆಯ್ತದೆ ಬುಡು. ನೆಗ್ಡಿ ಆಗಿದ್ರೆ ಕಷ್ಟ ಇತ್ತು."

ಅವಳೇ ಕೆಂಪಮ್ಮ, ಈ ಮನೆಯ ಹಿರಿಸೊಸೆ. ನಾನು ಅಕ್ಕಯ್ಯ ಎನ್ನುತ್ತಿದ್ದೆ. ಅವಳು ನನ್ನನ್ನು ಚಿಕ್ಕೋಳೆ ಎಂದೇ ಕರೆಯುತ್ತಿದ್ದಳು. ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳಿದ ನೆನಪೇ ಇಲ್ಲ. ಅವಳು ಹಲಗೂರಿನವಳು. ಮಳವಳ್ಳಿಯ ಆಚೆಗಿನ ಒಣಸೀಮೆ. ರಾಗಿ, ಅವರೆ, ಹುರುಳಿ ಬಿಟ್ಟರೆ ಆಗ ಹೆಚ್ಚು ಬೆಳೆಯಿಲ್ಲ. ನಾಲೆಯ ನೀರಿನ ನಮ್ಮ ಊರನ್ನು ಕಂಡರೆ ಅವಳಿಗೆ ತಾತ್ಸಾರ. "ನಿಮ್ ನೀರ್‌ಸೀಮೇಲಿ ಮನುಸ್ರೂ ಕಬ್ಬಿನಂಗೇ. ನೋಡಾಕೆ ಉದ್ದ, ಒಳಗೆ ಬರೀ ನೀರು" ಎನ್ನುತ್ತಿದ್ದಳು. ಅತ್ತೆಯ ಎದುರಿಗೂ ಎನ್ನುತ್ತಿದ್ದಳು.

ದೊಡ್ಡ ಮನೆ. ಮುದ್ದೆಯ ಹಿಟ್ಟು ತೊಳಸುವುದು ಒಬ್ಬಳ ಕೈಲಿ ಆಗುವ ಕೆಲಸವಲ್ಲ. ಮಡಕೆ ಅಲ್ಲಾಡದ ಹಾಗೆ ನಾನು ಕವೆಗೋಲಲ್ಲಿ ಒತ್ತಿ ಹಿಡಿಯುತ್ತಿದ್ದೆ, ಅವಳು ಕೋಲು ಹಾಕಿ ತಿರುವುತ್ತಿದ್ದಳು. ಒಲೆಯ ಉರಿಗೆ ಇಬ್ಬರ ಮುಖವೂ ಬೇಯುತ್ತಿತ್ತು. ಊರಿನ ಸುದ್ದಿ, ಅತ್ತೆಯ ಮೇಲಿನ ಸಿಟ್ಟು, ನಗು, ಎಲ್ಲವೂ ಆ ಮಡಕೆಯ ಮೇಲೆಯೇ ಆಡಿದ್ದು. ಗಂಡನ ಜೊತೆ ಅಷ್ಟು ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಅವರಿಗೂ ಕೇಳುವ ವ್ಯವಧಾನ ಇರಲಿಲ್ಲ ಬಿಡಿ.

ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಅವಳು ಬಂಡೆಯ ಹಾಗಿರುತ್ತಿದ್ದಳು. ಸೂಲಂಗಿ ಬಿಟ್ಟಿತೋ, ಕೋಳಿ ಕೂಗುವ ಮುಂಚೆ ಅವಳ ಸೀನು ಕೂಗುತ್ತಿತ್ತು. ಕಣ್ಣು ಕೆಂಡ. ಅಂಗುಳು ಕಡಿದು ನಾಲಿಗೆಯಲ್ಲಿ ಕಟಕಟ ಎಂದು ಕೆರೆದುಕೊಳ್ಳುತ್ತಿದ್ದಳು. ಕಬ್ಬು ಕಡಿದು ಮುಗಿಯುವವರೆಗೂ ಇದೇ ಪಾಡು. ಸೀನಿದರೆ ಸೀನಲಿ ಎನ್ನಬಹುದಿತ್ತು. ಆದರೆ ನಿಮಗೆ ಗೊತ್ತಲ್ಲ, ನಮ್ಮ ಕಡೆ ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ. ದಿನವೆಲ್ಲ ಸರಮಾಲೆಯಾಗಿ ಸೀನುವ ಆ ಮೂಗು, ಯಾರಾದರೂ ಒಳ್ಳೆಯ ಕೆಲಸಕ್ಕೆ ಕಾಲೆತ್ತಿದರೆ ಸರಿಯಾಗಿ ಒಂದೇ ಒಂದು ಸೀನು ಸೀನಿ ನಿಲ್ಲುತ್ತಿತ್ತು.

ಒಂದು ವರ್ಷ ಆಲೆಮನೆ ಹೂಡುವ ದಿನ. ಗಾಣಕ್ಕೆ ಪೂಜೆಯಾಗಿದೆ, ಕೊಪ್ಪರಿಗೆಗೆ ಅರಿಶಿನ ಕುಂಕುಮ ಇಟ್ಟಿದೆ. ಮಾವ ಕಾಯಿ ಒಡೆಯಲು ಕೈಯೆತ್ತಿದ್ದಾರೆ. ಅಕ್ಕಯ್ಯ ಎಲ್ಲರಿಗಿಂತ ಹಿಂದೆ, ಮೂಗನ್ನು ಬೆರಳಲ್ಲಿ ಹಿಡಿದುಕೊಂಡು ನಿಂತಿದ್ದಾಳೆ. ಬಂತು. ಒಂದೇ. ಎಲ್ಲರೂ ದೇವರನ್ನು ಬಿಟ್ಟು ಅವಳನ್ನು ನೋಡಿದರು. ಮಾವ ಎತ್ತಿದ ಕೈ ಇಳಿಸಲಿಲ್ಲ. "ಇನ್ನೊಂದು ಸೀನವ್ವ ದೊಡ್ಡೋಳೆ, ಕೈ ನೋಯ್ತದೆ" ಎಂದರು. ಅವಳು ಬಾಯಿ ತೆರೆದು ಸೂರ್ಯನನ್ನು ನೋಡಿದಳು, ಹುಲ್ಲುಕಡ್ಡಿ ಮೂಗಿಗೆ ಹಾಕಿಕೊಂಡಳು. ಬರಲಿಲ್ಲ.

"ಬ್ಯಾಡ್ದಾಗ ಬತ್ತದೆ, ಬೇಕಾದಾಗ ಬರಾಕಿಲ್ಲ. ಮೂಗೂ ಅವಳಂಗೇ" ಎಂದರು ಅತ್ತೆ.

ಮಾವನ ಟವೆಲಿನ ಮೇಲೆ ನಶ್ಯದ ಡಬ್ಬಿ ಇತ್ತು. ನಾನು ಒಂದು ಚಿಟಿಕೆ ತೆಗೆದು ಏರಿಸಿದೆ. ಸೀನಿದ ರಭಸಕ್ಕೆ ಗಾಣದ ಎತ್ತು ಬೆದರಿ ಹೆಜ್ಜೆ ಹಾಕಿತು.

"ಇದು ಚಿಕ್ಕೋಳ್ದು. ಬ್ಯಾರೆ ಮೂಗು. ಜೋಡಿ ಆಗಾಕಿಲ್ಲ" ಎಂದರು ಅತ್ತೆ.

"ಮೂಗು ಎಲ್ಡಾದ್ರೂ ಮನೆ ಒಂದೇ ಅಲ್ವೇನೇ? ಸೀನಿಗೇನು ಪಾಲಾಗಿದ್ದದಾ?" ಎಂದು ಮಾವ ಕಾಯಿ ಒಡೆದೇಬಿಟ್ಟರು.

ಅಂದಿನಿಂದ ಆ ಮನೆಯ ಎರಡನೇ ಸೀನು ನನ್ನ ಪಾಲಿಗೆ ಬಂತು. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಚಿಟಿಕೆ ನಶ್ಯ ಕಟ್ಟಿಕೊಂಡಿರುತ್ತಿದ್ದೆ. ಎತ್ತು ಕೊಳ್ಳಲು ಹೊರಟಾಗ, ಬಿತ್ತನೆಗೆ ಕಾಲಿಟ್ಟಾಗ, ಅವಳು ಕಣ್ಣಲ್ಲೇ ಸನ್ನೆ ಮಾಡುವಳು, ನಾನು ಗಂಟು ಬಿಚ್ಚುವೆ. ಹಿಂದೆ ಮುಂದೆ ಎರಡು ಸೀನು. ಆಮೇಲೆ ಹುಲ್ಲಿನ ಮೆದೆಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಮನೆಗೆ ಬಂದ ಇಬ್ಬರು ಸೊಸೆಯರಿಗೂ ಕಾಯಿಲೆ ಎಂದು ಕೇರಿಯಲ್ಲಿ ಮಾತಾಯಿತು. ಆಗಲಿ.

ಅತ್ತೆ ಮಾತ್ರ ಸೋಲಲಿಲ್ಲ. ಅವರು ಕೆಟ್ಟವರಲ್ಲ. ಆದರೆ ಎತ್ತು ಸತ್ತರೆ, ಬೆಲ್ಲ ಕರಗಿದರೆ, ಅದಕ್ಕೊಂದು ಕಾರಣ ಬೇಕಲ್ಲ. ಕಾರಣ ಮನೆಯಲ್ಲೇ ಓಡಾಡಿಕೊಂಡಿತ್ತು. "ಸೂಲಂಗಿ ಬುಡೋ ವೊತ್ಗೆ ಇವಳ್ನ ತವರಿಗೆ ಬುಟ್ಟು ಬಾರ್ಲಾ" ಎಂದು ಅಕ್ಕಯ್ಯನ ಗಂಡನಿಗೆ, ಅಂದರೆ ನನ್ನ ಬಾವನಿಗೆ, ಹೇಳತೊಡಗಿದರು. ಸೂಲಂಗಿ ಕಾಲ ಎಂದರೆ ವರ್ಷದಲ್ಲಿ ಸಣ್ಣ ಪಾಲೇನಲ್ಲ. ಅಷ್ಟು ದಿನ ಹೋದವಳು ಹೋದಲ್ಲೇ ಬೇರು ಬಿಡುತ್ತಾಳೆ.

ಹೇಗಾದರೂ ಅವಳ ಮೂಗನ್ನು ಕಟ್ಟಿಹಾಕಬೇಕೆಂದು ನಾವಿಬ್ಬರೂ ಹಟ ಹಿಡಿದೆವು. ಈಗ ಸವಿತ ಎರಡು ಶೀಶೆ ಇಟ್ಟುಕೊಂಡು ಹೋಲಿಸುವ ಹಾಗೆ ಆಗ ನಾವು ಹೋಲಿಸದ ಮದ್ದಿಲ್ಲ. ತುಂಬೆ ಸೊಪ್ಪಿನ ರಸ ಮೂಗಿಗೆ ಬಿಟ್ಟರೆ ಕಣ್ಣಲ್ಲಿ ಕೋಡಿ ಹರಿಯುತ್ತಿತ್ತು, ಸೀನು ಹಾಗೇ. ಅರಿಶಿನದ ಕೊಂಬು ಸುಟ್ಟು ಹೊಗೆ ಹಿಡಿದರೆ ಅವಳಿಗೆ ಕೊಂಚ ಹಿತ, ಮನೆಮಂದಿಗೆಲ್ಲ ಕೆಮ್ಮು. ಓಮವನ್ನು ಬಟ್ಟೆಯಲ್ಲಿ ಕಟ್ಟಿ ಮೂಸಿದ್ದು ಎಲ್ಲಕ್ಕಿಂತ ಸಾಧು, ಗುಣವೂ ಇಲ್ಲ, ಕೇಡೂ ಇಲ್ಲ. ಮಂಡ್ಯದ ಔಷಧಿ ಅಂಗಡಿಯಿಂದ ಬಾವ ತಂದ ಮೂಗಿನ ಹನಿ ಮೊದಮೊದಲು ಪವಾಡ ಮಾಡಿತು. ಬಿಟ್ಟ ಗಳಿಗೆಗೆ ಮೂಗು ತೆರೆಯಿತು. ಬರಬರುತ್ತಾ ಹನಿ ಬಿಡದಿದ್ದರೆ ಮೂಗೇ ತೆರೆಯದೆಂಬ ಹಾಗಾಯಿತು. ಕೊನೆಗೆ ಮಂಡ್ಯದಲ್ಲಿ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟು, "ಕೆಲವೇ ದಿನ ತಗೊಳ್ಳಿ, ಆಮೇಲೆ ಬಂದು ತೋರಿಸಿ" ಎಂದರು.

ನುಂಗಿದ ಮಾರನೆಯ ದಿನವೇ ಸೀನು ನಿಂತಿತು. ತೂಬಿಗೆ ಹಲಗೆ ಇಳಿಸಿದ ಹಾಗೆ. ಅಕ್ಕಯ್ಯ ಸೂಲಂಗಿಯ ನಡುವೆ ಹೋಗಿ ನಿಂತುಕೊಂಡು, "ಬಾರೋ ಈಗ" ಎಂದು ಕಬ್ಬಿಗೆ ಸವಾಲು ಹಾಕಿ ಬಂದಳು. ಆ ಸಂಜೆ ಆಲೆಮನೆಯ ಕಡೆಯಿಂದ ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡಳು. "ಚಿಕ್ಕೋಳೆ, ಬೆಲ್ಲದ ವಾಸ್ನೆ ಬತ್ತಾ ಅದೆ ಕಣೇ!"

ನನಗೆ ಮೊದಲು ಅರ್ಥವಾಗಲಿಲ್ಲ. ಬೆಲ್ಲ ಕಾಯಿಸಿದರೆ ಬೆಲ್ಲದ ವಾಸನೆ ಬರದೆ ಇನ್ನೇನು ಬರುತ್ತದೆ? ಆಮೇಲೆ ಹೊಳೆಯಿತು. ಬೆಲ್ಲ ಬೇಯುವ ಕಾಲ, ಅವಳ ಮೂಗು ಕಟ್ಟುವ ಕಾಲ, ಎರಡೂ ಒಂದೇ. ಮದುವೆಯಾಗಿ ಬಂದು ಅಷ್ಟು ವರ್ಷಕ್ಕೆ ಅವಳು ಈ ಊರಿನ ವಾಸನೆಯನ್ನೇ ಕಂಡಿರಲಿಲ್ಲ. ಅವತ್ತು ಕೊಪ್ಪರಿಗೆಯ ಹತ್ತಿರ ಕತ್ತಲಾಗುವವರೆಗೂ ಕೂತಿದ್ದಳು. ಕರೆದರೂ ಬರಲಿಲ್ಲ.

ಎಡವಟ್ಟಾಗಿದ್ದು ಇಲ್ಲಿಂದ. ಡಾಕ್ಟರು ಹೇಳಿದ ಕೆಲವು ದಿನ ಮುಗಿಯಿತು. 'ಗುಣ ಕೊಟ್ಟಿರೋ ಮಾತ್ರೆ ಯಾಕೆ ಬುಡಬೇಕು' ಎಂದು ಬಾವ ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದರು. ಅಕ್ಕಯ್ಯನ ಮುಖ ತುಂಬಿಕೊಳ್ಳುತ್ತಾ ಬಂತು. ಗುಂಡಗೆ, ಹುಣ್ಣಿಮೆ ಚಂದ್ರನ ಹಾಗೆ. ನಮ್ಮ ಕಡೆ ಸೊಸೆ ಬಡಕಲಾದರೆ ಅತ್ತೆಗೆ ಕೆಟ್ಟ ಹೆಸರು, ತುಂಬಿಕೊಂಡರೆ ಮನೆಗೆ ಕಳೆ. ನೀರಿನ ಹತ್ತಿರ ಹೆಂಗಸರು, "ಕೆಂಪಮ್ಮನ ಮೊಕ ನೋಡವ್ವ, ಏನು ತುಂಬ್ಕಂಡದೆ!" ಎನ್ನುವರು. ಅತ್ತೆ ಹಿಗ್ಗಿಹೋದರು. "ಈಗ ಕಂಡ್ಳು ನೋಡು ಉಂಡ ಮನೆ ಸೊಸೆಯಂಗೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಒಂಟಿ ಸೀನಿನ ಮಾತೇ ಹೋಯಿತು. ತವರಿಗೆ ಕಳಿಸುವ ಮಾತೂ ಹೋಯಿತು. ನನ್ನ ಕೆನ್ನೆ ಆಗ ಗುಳಿಬಿದ್ದಿತ್ತು. "ಇವಳ್ಗೂ ಎಲ್ಡು ನುಂಗ್ಸಿ" ಎಂದು ಅತ್ತೆಯ ಶಿಫಾರಸ್ಸು ಬೇರೆ. ನಾನೂ ಆಸೆಪಟ್ಟೆ. ಅಕ್ಕಯ್ಯ ಕೊಡಲಿಲ್ಲ, "ಎಲ್ಲಾದ್ರೂ ನನ್‌ಗಿಂತ ಚೆಂದಾಗಿ ಕಂಡೀಯ" ಎಂದಳು.

ಮೊದಲು ಕಂಡದ್ದು ನನಗೇ, ಒಲೆಯ ಮುಂದೆ. ಹಿಟ್ಟು ತಿರುವುತ್ತಿದ್ದವಳು ಕೋಲು ಬಿಟ್ಟು, "ನೀನು ತಿರುವು, ನಾನು ಇಡ್ಕತೀನಿ" ಎಂದಳು. ಹಿಡಿಯಲೂ ಆಗಲಿಲ್ಲ. ಕುಕ್ಕರಗಾಲಲ್ಲಿ ಕೂತವಳು ನೆಲಕ್ಕೆ ಕೈಯೂರಿ ಏಳುತ್ತಿದ್ದಳು. ಮುಟ್ಟಿದಲ್ಲಿ ಚರ್ಮ ಕಪ್ಪುಗಟ್ಟುತ್ತಿತ್ತು. ಮುಖ ಚಂದ್ರ, ತೊಡೆ ಸೊಪ್ಪಿನ ದಂಟು. ನಾನೇ ಬಾವನಿಗೆ ಹೇಳಿ ಮಂಡ್ಯಕ್ಕೆ ಹೊರಡಿಸಿದೆ, ಜೊತೆಗೂ ಹೋದೆ.

ಡಾಕ್ಟರು ಅವಳನ್ನು ನೋಡಿ ಎದ್ದು ನಿಂತೇಬಿಟ್ಟರು. "ಇನ್ನೂ ಅದನ್ನೇ ನುಂಗ್ತಾ ಇದ್ದೀರಾ? ಯಾರು ಹೇಳಿದ್ದು?" ಬಾವ ನೆಲ ನೋಡಿದರು. "ಇದು ಮೈ ತುಂಬಿರೋದಲ್ಲಮ್ಮ, ಊದಿರೋದು. ಸ್ಟೀರಾಯ್ಡ್ ಅಂತಾರೆ ಇದನ್ನ. ಹೀಗೇ ನುಂಗಿದ್ರೆ ಮೂಳೆ ಸವೀತದೆ, ಸಕ್ಕರೆ ಕಾಯಿಲೆ ಬರುತ್ತೆ. ಹಾಗಂತ ನಾಳೆಯೇ ಬಿಟ್ಟುಬಿಡಬೇಡಿ, ಅದೂ ಅಪಾಯ. ನಾನು ಹೇಳಿದ ಹಾಗೆ ಕಡಿಮೆ ಮಾಡ್ತಾ ಮಾಡ್ತಾ ನಿಲ್ಲಿಸಬೇಕು."

"ನಿಲ್ಸುದ್ರೆ ಸೀನು ಬತ್ತದಲ್ಲ ಸ್ವಾಮಿ?" ಎಂದಳು ಅಕ್ಕಯ್ಯ.

"ಬರುತ್ತೆ."

ಅವಳ ಮುಖ ನೋಡಿ ಅವರಿಗೇ ಏನೋ ಅನ್ನಿಸಿರಬೇಕು. ಸ್ವಲ್ಪ ಮೆತ್ತಗಾಗಿ ಹೇಳಿದರು. ಹೊರದೇಶದಲ್ಲಿ ಇದೇ ಔಷಧಿಯನ್ನು ಮೂಗಿಗೆ ಮಾತ್ರ ಹೊಡೆಯುವ ಹಾಗೆ ಮಾಡಿದ್ದಾರಂತೆ. ಅದು ಮೈಗೆ ಹೋಗುವುದಿಲ್ಲವಂತೆ. ಓದಿದ್ದಾರೆ, ಕಣ್ಣಲ್ಲಿ ನೋಡಿಲ್ಲ.

"ನಮ್ ಕಡೆಗೆ ಯಾವಾಗ ಬತ್ತದೆ?"

"ಬರುತ್ತಮ್ಮ. ಯಾವಾಗ ಅಂತ ಹೇಗೆ ಹೇಳಲಿ? ಅಲ್ಲೀತನಕ ಕಬ್ಬಿಲ್ಲದ ಊರಲ್ಲಿ ಇರೋದು ಒಳ್ಳೇದು."

ಬಸ್ಸಿನಲ್ಲಿ ಬಾವ ಮುಂದೆ ಕೂತರು, ನಾವಿಬ್ಬರು ಹಿಂದೆ. ನಾನೇ ಬಾಯಿಬಿಟ್ಟೆ. "ಅರ್ಧ ಮಾತ್ರೆ ನುಂಗ್ಕಂಡು ಇಲ್ಲೇ ಇರಕ್ಕಯ್ಯ. ಸೂಲಂಗೀಲಿ ಮಾತ್ರ."

"ಊದ್ಕಂಡು ಇಲ್ಲಿ ಬೀಳೋದ್ಕಿಂತ ಅಲ್ಲಿ ನೆಟ್ಟಗೆ ನಿಂತ್ಕಂಡು ಗೇಯೋದು ವಾಸಿ. ನನ್ ಮಕ್ಳು ಇನ್ನೂ ಸಣ್ಣವು ಕಣೇ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಂತು. ಹೊಳಲಿನ ತಿರುವಿನವರೆಗೂ ಕಿಟಕಿಯ ಕಡೆ ತಿರುಗಿ ಕೂತೆ. ಇಳಿಯುವಾಗ ಅವಳೇ ಅಂದಳು. "ಮೂಗ್ಗೆ ಒಡೆಯೋದು ಬಂದ ದಿನ ಏಳ್‌ಕಳಿಸು. ಬಂದ್‌ಬುಡ್ತೀನಿ. ಅಲ್ಲೀಗಂಟ ನನ್ ಜಾಗ್‌ದಲ್ಲಿ ಯಾರ್ನೂ ಕುಂಡ್ರುಸ್ಕಬ್ಯಾಡ."

ಹಲಗೂರಿನಲ್ಲಿ ಅವಳಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಹೊಲ ಬೀಳುಬಿದ್ದಿತ್ತು. ಬಾವ ಹೋಗಿ ಅಲ್ಲೇ ಗೇಯ್ಮೆ ಹಿಡಿದರು. ಹೊರಟ ದಿನ ಅತ್ತೆ ಅಚ್ಚು ಬೆಲ್ಲ ಕಟ್ಟಿಕೊಟ್ಟರು, ಒಬ್ಬಳು ಹೊರಲಾರದಷ್ಟು. ಮಾತ್ರೆ ಬಿಟ್ಟಿದ್ದ ಅಕ್ಕಯ್ಯ ಸೀನುತ್ತಾ ಸೀನುತ್ತಾ ಬಸ್ಸು ಹತ್ತಿದಳು. ಎಷ್ಟು ಸೀನಿದಳೋ, ಒಂಟಿಯೋ ಜೋಡಿಯೋ, ಯಾರೂ ಎಣಿಸಲಿಲ್ಲ.

ಆಮೇಲೆ ಮಂಡ್ಯಕ್ಕೆ ಹೋದಾಗಲೆಲ್ಲ ನನಗೆ ಒಂದೇ ಕೆಲಸ. ಬಟ್ಟೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಮೆಡಿಕಲ್ ಶಾಪಿನ ಮುಂದೆ ನಿಂತು, "ಮೂಗಿಗೆ ಹೊಡೆಯೋದು ಬಂತಾ?" ಎಂದು ಕೇಳುವುದು. ಒಬ್ಬ ಅಂಗಡಿಯವನು, "ಹೊಡೆಯೋದು ಅಂದ್ರೆ ಗೊಬ್ಬರದಂಗಡೀಲಿ ಕೇಳಮ್ಮ, ಭತ್ತಕ್ಕೆ ಹೊಡೆಯೋದು ಅಲ್ಲಿ ಸಿಗ್ತದೆ" ಎಂದ. ಇನ್ನೊಬ್ಬ ನನ್ನನ್ನು ಕಂಡ ಕೂಡಲೇ, "ಬಂದಿಲ್ಲ ಕಣಮ್ಮ" ಎಂದು ಮೊದಲೇ ಹೇಳಿಬಿಡುತ್ತಿದ್ದ. ಮದ್ದೂರಲ್ಲಿ ಕೇಳಿದೆ. ಹಲಗೂರಿಗೆ ಹೋಗುವಾಗ ಮಳವಳ್ಳಿಯಲ್ಲಿ ಇಳಿದೂ ಕೇಳಿದೆ.

ಅವಳು ಬೇಸಿಗೆಯಲ್ಲಿ ಬಂದು ಹೋಗುತ್ತಿದ್ದಳು. ಬಂದರೆ ಅತ್ತೆ ಚಾಪೆ ಹಾಸಿ ಕೂರಿಸಿ, ಕಾಫಿ ಕೊಡುವರು. ನೆಂಟರಿಗೆ ಕೊಡುವ ಲೋಟದಲ್ಲಿ. ಅವಳು ಅಡುಗೆಮನೆಗೆ ಕಾಲಿಟ್ಟರೆ, "ನೀ ಕುಂತ್ಕವ್ವ, ಎಲ್ಡು ದಿನಕ್ಕೆ ಬಂದಿದ್ದೀಯ" ಎನ್ನುವರು. ಇಷ್ಟು ದಿನ ಅವಳನ್ನು ಕೂರಲು ಬಿಡದವರು! ನಾನು ಕವೆಗೋಲನ್ನು ಪಾದದಲ್ಲಿ ಒತ್ತಿ ಹಿಡಿದು ಒಬ್ಬಳೇ ಹಿಟ್ಟು ತಿರುವುವುದನ್ನು ಕಲಿತಿದ್ದೆ. ಅವಳು ಚಾಪೆಯ ಮೇಲಿಂದ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು. ಆಮೇಲೆ ಬರುವುದೂ ಕಡಿಮೆಯಾಯಿತು. ಅಲ್ಲಿ ಮಕ್ಕಳ ಸ್ಕೂಲು, ರೇಷ್ಮೆ ಹುಳ; ಇಲ್ಲಿ ನನ್ನ ಬಾಣಂತನ, ಅತ್ತೆಯ ಕಾಯಿಲೆ. ಮದುವೆಯಲ್ಲಿ ಸಿಕ್ಕೆವು, ತಿಥಿಯಲ್ಲಿ ಸಿಕ್ಕೆವು. ಸಿಕ್ಕಿದಾಗ ಸುತ್ತ ಜನ. ಇಬ್ಬರ ಗಂಡಂದಿರೂ ಹೋದರು.

ಅಂಗಡಿಯಲ್ಲಿ ಕೇಳುವುದನ್ನು ನಾನು ಯಾವಾಗ ನಿಲ್ಲಿಸಿದೆ? ಜಗುಲಿಯ ಮೇಲೆ ಕೂತು ನೆನಪು ಮಾಡಿಕೊಂಡೆ, ಆಗಲಿಲ್ಲ. ಯಾವತ್ತೋ ಒಂದು ದಿನ ಬಸ್ಸು ಹೊರಟಿತೆಂದು ಕೇಳದೆ ಓಡಿರಬೇಕು. ಮುಂದಿನ ಸಲ ಮರೆತಿರಬೇಕು. ಅದು ಬಂದದ್ದು ಅದಾದ ಮೇಲೆ. ಯಾರೂ ಡಂಗುರ ಸಾರಲಿಲ್ಲ. ನಾನು ಮಗನ ಜ್ವರಕ್ಕೆ ಮಾತ್ರೆ, ಮೊಮ್ಮಗುವಿನ ಕೆಮ್ಮಿಗೆ ಸಿರಪ್ಪು ಕೊಂಡ ಅದೇ ಅಂಗಡಿಯಲ್ಲಿ, ಅದೇ ಗಾಜಿನ ಹಿಂದೆ, ಈ ಶೀಶೆ ಎಷ್ಟೋ ಕಾಲ ಸುಮ್ಮನೆ ನಿಂತಿತ್ತು. ನಾನು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ.

ಅಳಲಿಲ್ಲ. ಅತ್ತರೆ ಮೂಗು ಕಟ್ಟುತ್ತದೆ, ಹೊಡೆದ ಔಷಧಿ ದಂಡ. ಮಾರನೆಯ ದಿನ ಬಟ್ಟೆ ಗಂಟು ಕಟ್ಟಿದೆ.

"ಎಲ್ಗೆ ಅತ್ತೆ?" ಎಂದಳು ಸವಿತ.

"ಅಲಗೂರಿಗೆ."

"ಔಸ್ದಿ ಕೆಲ್ಸ ಮಾಡ್ತಾ ಅದಲ್ಲ, ಸೂಲಂಗಿಗೆ ಎದ್ರಿ ಓಡೋಗೋದ್ಯಾಕೆ?"

"ಸೂಲಂಗಿಗೆ ಎದ್ರಿ ಅಲ್ಲ ಕಣವ್ವ" ಎಂದೆ. ಅವಳು ಕಿಟಕಿಯ ಮೇಲಿದ್ದ ಎರಡೂ ಶೀಶೆ ತಂದು ಚೀಲಕ್ಕೆ ಹಾಕಿದಳು. ಮಗನಿಗೆ ಕಾರು ತೆಗೆಯಲು ಹೇಳಿದಳು. ನಾನು ಬಸ್ಸೇ ಸಾಕೆಂದೆ.

ಹಲಗೂರಿನ ಬಸ್ ಸ್ಟಾಪಿನಿಂದ ಮನೆಗೆ ನಡೆದು ಹೋದಾಗ ಬಿಸಿಲು ಇಳಿದಿತ್ತು. ಅವಳು ಬಾಗಿಲ ಮುಂದೆ ಗೋಣಿಚೀಲದ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿಚುಕುತ್ತಿದ್ದಳು. ಆ ಎತ್ತರವೆಲ್ಲ ಎಲ್ಲಿ ಹೋಯಿತೋ, ಗೂಡಿನ ಹಾಗೆ ಕೂತಿದ್ದಳು. ಕಣ್ಣು ಮಬ್ಬು.

"ಯಾರದು?"

"ನಾನು."

"ನಾನು ಅಂದ್ರೆ? ಊರಲ್ಲಿರೋರೆಲ್ಲ ನಾನೇಯಾ."

"ಚಿಕ್ಕೋಳು."

ಅವಳ ಬೆರಳು ನಿಂತಿತು. ಆಮೇಲೆ ಮತ್ತೆ ಹಿಚುಕತೊಡಗಿತು. ನಾನು ಪಕ್ಕದಲ್ಲಿ ಕೂತು ಚೀಲದಿಂದ ಶೀಶೆ ತೆಗೆದು ಅವಳ ಅಂಗೈಯಲ್ಲಿಟ್ಟೆ. "ಮೂಗ್ಗೆ ಒಡೆಯೋದು ಬಂತು ಕಣಕ್ಕಯ್ಯ" ಎಂದೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಕಣ್ಣಿನ ಹತ್ತಿರ ಹಿಡಿದಳು. "ಇದೇಯಾ?"

"ಇದೇ."

"ಈಟೇಯಾ?"

"ಈಟೇ."

"ಯಾವಾಗ ಬಂತಂತೆ?"

"ಬಂದು ಬಾಳ ಕಾಲ ಆಯ್ತಂತೆ. ನಂಗೆ ಗೊತ್ತಾಗ್ನಿಲ್ಲ."

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಒಂದು ಬಸ್ಸು ಬಂತು. ಅವಳು ಶೀಶೆಯನ್ನು ಸೆರಗಲ್ಲಿ ಒರೆಸಿ ನನ್ನ ಕೈಗೆ ವಾಪಸು ಕೊಟ್ಟಳು. "ಇಟ್ಕೊ, ನಿಂಗಾಯ್ತದೆ. ಇಲ್ಲಿ ನನ್ ಮೂಗು ಚೆಂದಾಗೇ ಅದೆ." ಮತ್ತೆ, "ಇನ್ನೆಲ್ಲಿ ಬರ್ಲಿ ನಾನು? ಮೊಣಕಾಲು ಬಸ್ಸತ್ತಾಕಿಲ್ಲ" ಎಂದಳು.

"ಅದ್ಕೇ ನಾನು ಬಂದಿವ್ನಿ."

"ಎಷ್ಟು ದಿನಕ್ಕೆ?"

"ಅಲ್ಲಿ ಕಬ್ಬು ಕಡೀಲಿ. ಆಮೇಲೆ ನೋಡಾನ."

"ಕಬ್ಬು ಕಡಿಯೋಗಂಟ ಏನು ಬರೀ ಕುಂತ್ಕಂಡು ಉಣ್ತೀಯ?" ಎಂದಳು. ಮುಂದಿದ್ದ ಕಾಳಿನ ರಾಶಿಯನ್ನು ಮೊಣಕೈಯಲ್ಲಿ ನನ್ನ ಕಡೆಗೆ ತಳ್ಳಿದಳು. "ಇಚುಕು. ಸಮ ಪಾಲು."

ಕಣ್ಣು ಮಬ್ಬಿನವಳು ತಳ್ಳಿದ್ದು ಮುಕ್ಕಾಲು ಪಾಲು. ಸೆರಗು ಸಿಕ್ಕಿಸಿಕೊಂಡು ಕೂತೆ.